ಗಾಲಿಯ ಎತ್ತರ

ನನ್ನ ಹಳೆಯ ಜೀಪನ್ನು ನಾಲ್ಕು ಅಂಗುಲ ಮೇಲಕ್ಕೆತ್ತಿಸಬೇಕೆಂಬ ಹುಚ್ಚು ನನಗೆ ಹಿಡಿದುದು 2020ರ ಅಕ್ಟೋಬರ ತಿಂಗಳ ಒಂದು ರಾತ್ರಿ. ಆ ವರ್ಷದ ಹಿಂಗಾರು ಮಳೆ ಬೀದರ, ಕಲಬುರಗಿ ಸೀಮೆಗಳನ್ನು ಹೇಗೆ ತೊಯ್ಯಿಸಿತೆಂಬುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಕೊಡಂಬಲದ ಡಾಂಬರು ರಸ್ತೆಯಿಂದ ನಮ್ಮ ಹೊಲದ ಮನೆಗೆ ಒಂದೂವರೆ ಮೈಲಿಯ ದಾರಿ. ಅದರಲ್ಲಿ ಮೊದಲ ಅರ್ಧ ಕೆಮ್ಮಣ್ಣು. ಎಂಥ ಮಳೆ ಬಂದರೂ ನೀರು ಇಳಿದು ಒಂದು ತಾಸಿನಲ್ಲಿ ಕಾಲಿಡಲು ಬರುತ್ತದೆ. ಉಳಿದ ಅರ್ಧ ಎರೆಭೂಮಿ. ಎರೆಯ ಗುಣವನ್ನು ಈ ಕಡೆಯವರಿಗೆ ವರ್ಣಿಸಬೇಕಾದುದಿಲ್ಲ. ನೀರು ಕುಡಿದು ಉಬ್ಬುವುದು, ಅಂಟುವುದು, ಬಿಸಿಲು ಕಂಡರೆ ಕೈ ಹೋಗುವಷ್ಟು ಬಿರಿಯುವುದು; ಮೂರು ಕಾಲದಲ್ಲಿ ಮೂರು ಅವತಾರ.

ಆ ರಾತ್ರಿ ಹೊಲದ ಮನೆಯಲ್ಲಿದ್ದ ನಮ್ಮವ್ವನಿಗೆ ಉಸಿರು ಕಟ್ಟತೊಡಗಿತು. ನಾನು ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೊರಟೆನು. ಕಾಲು ಮೈಲಿ ಹೋಗುವಷ್ಟರಲ್ಲಿ ಗಾಲಿಗಳು ಗಾಡಿಯ ಜಾಡಿನಲ್ಲಿ ಇಳಿದವು. ಎರಡು ಜಾಡುಗಳ ನಡುವಣ ದಿಬ್ಬದ ಮೇಲೆ ಜೀಪಿನ ಹಿಂದಿನ ಅಚ್ಚು ಕುಳಿತಿತು. ಹಿಂದಿನ ಗಾಲಿಗಳು ಇದ್ದಲ್ಲಿಯೇ ತಿರುಗಿ ಕೆಸರನ್ನು ಆಕಾಶಕ್ಕೆ ಚಿಮ್ಮಿಸಿದುವೇ ಹೊರತು ಒಂದು ಗೇಣು ಮುಂದೆ ಸಾಗಲಿಲ್ಲ. ಅವ್ವ ಒಂದು ಮಾತನ್ನೂ ಆಡಲಿಲ್ಲ. ಅವಳ ಉಸಿರಿನ ಸದ್ದು ಮಾತ್ರ ಮಳೆಯ ಸದ್ದನ್ನು ಮೀರಿ ನನಗೆ ಕೇಳುತ್ತಿದ್ದಿತು. ಕಡೆಗೆ ಕಾಕಾ ಎತ್ತಿನ ಗಾಡಿಯನ್ನು ಹೂಡಿಕೊಂಡು ಬಂದರು. ತಾಡಪತ್ರಿ ಹೊದಿಸಿ ಅವಳನ್ನು ರಸ್ತೆಗೆ ಮುಟ್ಟಿಸಿ, ಅಲ್ಲಿಂದ ಪರಿಚಿತರೊಬ್ಬರ ಟೆಂಪೋದಲ್ಲಿ ಹುಮನಾಬಾದಿಗೆ ಹೋಗುವಾಗ ಬೆಳಗಾಗುತ್ತ ಬಂದಿತ್ತು. ಅವ್ವ ಉಳಿದಳು. ಆದರೆ ಜೀಪು ಮಾಡಲಾರದುದನ್ನು ಎತ್ತುಗಳು ಮಾಡಿದುವೆಂಬ ಅವಮಾನ ನನ್ನಲ್ಲಿ ಉಳಿಯಿತು.

ಜೀಪಿನವರ ಲೋಕದಲ್ಲಿ ಈ ಅವಮಾನಕ್ಕೆ ಒಂದು ಔಷಧಿ ಇದೆ. ಅದರ ಹೆಸರು ಲಿಫ್ಟ್ ಕಿಟ್. ಕಮಾನುಪಟ್ಟಿಗಳನ್ನು ಬದಲಿಸಿ, ಇಲ್ಲವೆ ಪಟ್ಟಿಗೂ ಅಚ್ಚಿಗೂ ನಡುವೆ ಉಕ್ಕಿನ ಗಟ್ಟಿಗಳನ್ನಿಟ್ಟು, ಉದ್ದನೆಯ ಕೊಂಡಿಗಳನ್ನೂ ಉದ್ದನೆಯ ಶಾಕ್ ಅಬ್ಸಾರ್ಬರುಗಳನ್ನೂ ಜೋಡಿಸಿ ಗಾಡಿಯ ಮೈಯನ್ನು ಮೇಲಕ್ಕೆತ್ತುವ ಸಾಮಗ್ರಿ ಅದು. ಅದರ ಕೆಳಗೆ ದಪ್ಪ ಗೊರಸಿನ ಟೈರುಗಳನ್ನು ಹಾಕಿಬಿಟ್ಟರೆ ಜೀಪಿಗೆ ಒಂದು ರಾಕ್ಷಸಗಾಂಭೀರ್ಯ ಬರುವುದುಂಟು. ನಾನು ಅಂಥ ಚಿತ್ರಗಳನ್ನು ನೋಡಿ ನೋಡಿ ಮೂರು ಮುಂಗಾರುಗಳನ್ನು ಕಳೆದೆನು. ನಗರದ ಅಂಗಡಿಯೊಂದರಲ್ಲಿ ಕೇಳಿದಾಗ ಕಿಟ್ಟಿಗೂ ನಾಲ್ಕು ಟೈರುಗಳಿಗೂ ಸೇರಿ ಎಪ್ಪತ್ತು ಸಾವಿರಕ್ಕೆ ಮೇಲಾಗುವುದೆಂದರು. 2024ರ ಬೇಸಗೆಯಲ್ಲಿ ತೊಗರಿ ಮಾರಿ ಮನೆಯ ಸಾಲ ತೀರಿದ ಮೇಲೆ ನನ್ನ ಕೈಯಲ್ಲಿ ಉಳಿದುದು ಐವತ್ತು ಸಾವಿರ. ಅದರಲ್ಲಿ ಅರ್ಧ ಮುಂಗಾರಿಯ ಬೀಜ ಗೊಬ್ಬರಕ್ಕೆ ಮೀಸಲು. ಬೀಜದ ಹಣವನ್ನು ಮುಟ್ಟುವವನು ಒಕ್ಕಲಿಗನಲ್ಲ. ಹೀಗಾಗಿ ನನ್ನ ರಾಕ್ಷಸಗಾಂಭೀರ್ಯವೆಲ್ಲ ಇಪ್ಪತ್ತೈದು ಸಾವಿರದೊಳಗೆ ಅಡಗಬೇಕಾಯಿತು.

ಹುಮನಾಬಾದಿನಲ್ಲಿ ನನ್ನ ಜೀಪನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿರುವ ಮಿಸ್ತ್ರಿಯ ಮುಂದೆ ನನ್ನ ಸಂಕಲ್ಪವನ್ನು ಬಿಚ್ಚಿಟ್ಟೆನು. ಆತನು ನಗಲಿಲ್ಲ, ಒಂದು ಗೋಣಿಚೀಲವನ್ನು ನೆಲಕ್ಕೆ ಹಾಸಿ,

“ಮಾಸ್ತರ, ಮೊದಲ ಇದರ ಕೆಳಗ ಮಲಕೊಂಡು ನೋಡ್ರಿ” ಎಂದನು.

ಮಲಗಿ ನೋಡಿದೆನು. ಬಿಲ್ಲಿನಂತೆ ಬಾಗಿರಬೇಕಾದ ಹಿಂದಿನ ಕಮಾನುಪಟ್ಟಿಗಳು ಹಗ್ಗದಂತೆ ನೆಟ್ಟಗೆ ಮಲಗಿದ್ದವು. ಒಂದು ಬದಿಯಲ್ಲಿ ಒಂದು ಎಲೆ ಮುರಿದೂ ಹೋಗಿತ್ತು.

“ನಿಮ್ಮ ಗಾಡಿ ಎತ್ತರ ಮಾಡೂದು ಆಮ್ಯಾಲಿನ ಮಾತ್ರಿ. ಅದು ಇದ್ದ ಎತ್ತರನ ಕಳಕೊಂಡದ.”

ಹಳೆಯ ಪಟ್ಟಿಗಳನ್ನು ಬಿಚ್ಚಿ, ಮುರಿದ ಎಲೆಯನ್ನು ಬದಲಿಸಿ, ಉಳಿದವುಗಳಿಗೆ ಮತ್ತೆ ಕಮಾನು ಏರಿಸಿ ಹದ ಕೊಟ್ಟರೆ ಜೀಪು ತಾನಾಗಿಯೇ ಒಂದೂವರೆ ಅಂಗುಲ ಏಳುವುದು. ಅದಕ್ಕೆ ಆರೂವರೆ ಸಾವಿರ ಸಾಕು. ಕಿಟ್ಟಿನ ಮಾತಿಗೆ ಆತನು ಹೇಳಿದ ಕಾರಣಗಳು ಬೇರೆ. ಮುಂದಿನ ಕೊಂಡಿಯನ್ನು ಉದ್ದ ಮಾಡಿದರೆ ಅಚ್ಚಿನ ಓರೆ ಬದಲಾಗಿ ಸ್ಟಿಯರಿಂಗು ಹೆದ್ದಾರಿಯಲ್ಲಿ ಅಲೆದಾಡುವುದು. ಮೈ ಮೇಲೇರಿದಷ್ಟೂ ಪ್ರೊಪೆಲ್ಲರ್ ದಂಡದ ಕೋನ ಕಡಿದಾಗಿ ಅದರ ಕೀಲುಗಳು ಬೇಗ ಸವೆಯುವುವು. ಬ್ರೇಕಿನ ಕೊಳವೆ ಸಾಲದೆ ಬಿಗಿಯುವುದು. ಭಾರ ಮೇಲಾದ ಗಾಡಿ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ಎಲ್ಲಕ್ಕಿಂತ ಮಿಗಿಲಾಗಿ ನನ್ನ ಜೀಪು ನಾಲ್ಕು ಗಾಲಿಗೆ ಬಲ ಹೋಗುವ ಜಾತಿಯದೇ ಅಲ್ಲ. ಹಿಂದಿನ ಎರಡಕ್ಕೇ ಹೋಗುವುದು. ಅಂಥದಕ್ಕೆ ಲಿಫ್ಟ್ ಕಿಟ್ ಹಾಕುವುದು ಕುಂಟೆತ್ತಿಗೆ ಕೊಂಬಣಸು ತೊಡಿಸಿದಂತೆ ಎಂಬುದು ಆತನ ಮತ.

ನನಗೆ ಸಮಾಧಾನವಾಗಲಿಲ್ಲ. ಸಂಜೆ ಕಾಕಾ ಅವರ ಮುಂದೆ ದೂರಿಕೊಂಡೆನು. ಅವರು ಅಂಗಳದಲ್ಲಿ ನಿಂತಿದ್ದ ಗಾಡಿಯ ಗಾಲಿಯನ್ನು ತೋರಿಸಿ,

“ತಮ್ಮಾ, ಗಾಡಿ ಎತ್ತರ ಗಾಲಿದಾಗ ಇರ್ತದ, ಮ್ಯಾಲಿನ ಹಲಗಿದಾಗ ಅಲ್ಲ” ಎಂದರು.

ಆ ಮಾತಿನಲ್ಲಿ ಲಿಫ್ಟ್ ಕಿಟ್ಟಿನ ಸಮಸ್ತ ಶಾಸ್ತ್ರವೂ ಇದ್ದಿತು. ಅಂದು ರಾತ್ರಿ ದಿಬ್ಬಕ್ಕೆ ತಾಗಿದುದು ಜೀಪಿನ ಮೈಯಲ್ಲ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಜೋಲುವ ಡಿಫರೆನ್ಷಿಯಲಿನ ಗುಂಡು. ಕಮಾನುಗಳನ್ನು ಎಷ್ಟೇ ಎತ್ತರಿಸಿದರೂ ಮೈ ಮೇಲೇಳುವುದೇ ಹೊರತು ಆ ಗುಂಡು ಇದ್ದಲ್ಲಿಯೇ ಇರುವುದು. ಅದನ್ನು ಎತ್ತಬಲ್ಲುದು ಗಾಲಿಯ ವ್ಯಾಸವೊಂದೇ. ವ್ಯಾಸ ಹೆಚ್ಚಿದುದರ ಅರ್ಧ ಮಾತ್ರ. ಗಾಡಿಯ ಬಡಿಗನು ಎದೆಯೆತ್ತರದ ಗಾಲಿಯನ್ನು ಮಾಡಿದುದು ಸುಮ್ಮನೆ ಅಲ್ಲ.

ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆನು. ನನ್ನ ಟೈರು 215/75 ಆರ್ 15. ಮೊದಲ ಅಂಕೆ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಅಗಲದ ನೂರರಲ್ಲಿ ಎಷ್ಟು ಪಾಲು ಗೋಡೆಯ ಎತ್ತರವೆಂಬುದು. ಕೊನೆಯದು ಒಳಗಿನ ಚಕ್ರದ ವ್ಯಾಸ, ಅಂಗುಲದಲ್ಲಿ. ಕೂಡಿದರೆ ಒಟ್ಟು ವ್ಯಾಸ 703 ಮಿಲಿಮೀಟರಿಗೆ ತುಸು ಮೇಲು. ನಾನು ಕನಸು ಕಂಡ 235/75 ಆರ್ 15ರದು 733ಕ್ಕೆ ತುಸು ಮೇಲು. ವ್ಯತ್ಯಾಸ ಮೂವತ್ತು, ಗುಂಡು ಏಳುವುದು ಹದಿನೈದು. ಅಂದರೆ ಅರ್ಧ ಅಂಗುಲಕ್ಕೆ ಕೂದಲೆಳೆಯಷ್ಟು ಹೆಚ್ಚು! ಇಷ್ಟಕ್ಕಾಗಿ ನಾಲ್ಕು ಟೈರುಗಳ ಬೆಲೆ ತೆತ್ತು, ವೇಗಮಾಪಕವನ್ನು ಸುಳ್ಳುಗಾರನನ್ನಾಗಿ ಮಾಡಿ, ಎಂಜಿನಿನ ಎಳೆಯುವ ಬಲವನ್ನೂ ಕುಗ್ಗಿಸಿಕೊಳ್ಳಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಕೆಸರು ತುಳಿದು ಹೆಸರು ಗಳಿಸಿದ ವಿಲ್ಲಿಸ್ ಜೀಪು ಓಡಿದುದು ಆರೇ ಅಂಗುಲ ಅಗಲದ ಕಿರುಗಾಲಿಗಳ ಮೇಲೆಂಬುದು ಆಗ ನೆನಪಾಗಿ ನನ್ನ ಗರ್ವ ಮತ್ತಷ್ಟು ಇಳಿಯಿತು.

ಕಾಯಿದೆಯ ಮಾತೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಗಟ್ಟಿಯಾಗಿ ಹೇಳಿದೆ. ಶಾಲೆಯಲ್ಲಿ ಮಕ್ಕಳಿಗೆ ನಾಗರಿಕ ಕರ್ತವ್ಯಗಳನ್ನು ಬೋಧಿಸಿದವನು ಇದನ್ನು ಮೊದಲೇ ಓದಬೇಕಾಗಿತ್ತು.

ಕಡೆಗೆ ನಿಶ್ಚಯಿಸಿದುದು ಇಷ್ಟು: ಹಳೆಯ ಅಳತೆಯವೇ, ಆದರೆ ಕೆಸರಿಗೆ ತಕ್ಕ ಗೊರಸುಳ್ಳ ಟೈರುಗಳು, ಅವೂ ಬಲ ಹೋಗುವ ಹಿಂದಿನ ಗಾಲಿಗಳಿಗೆ ಎರಡೇ. ಇದರಲ್ಲಿಯೂ ಮೋಸ ಹೋಗುವುದರಲ್ಲಿದ್ದೆನು. ಒಂದು ಅಂಗಡಿಯವನು ಬಹಳ ಅಗ್ಗಕ್ಕೆ ಹೊಚ್ಚಹೊಸ ಜೊತೆಯೊಂದನ್ನು ತೋರಿಸಿದನು. ಧೂಳು ಸಹ ಕೂತಿರಲಿಲ್ಲ. ಟೈರಿನ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕೆಗಳಿರುತ್ತವೆಂದೂ, ಮೊದಲೆರಡು ವಾರವನ್ನೂ ಕಡೆಯ ಎರಡು ವರ್ಷವನ್ನೂ ಹೇಳುತ್ತವೆಂದೂ ಮಿಸ್ತ್ರಿ ತಿಳಿಸಿದ್ದನು. ಅಲ್ಲಿದ್ದುದು 1820, ಎಂದರೆ 2020ರ ಹದಿನೆಂಟನೆಯ ವಾರ. ನಾಲ್ಕು ವರ್ಷ ಅಟ್ಟದ ಮೇಲೆ ಬಿದ್ದು ಒಣಗಿದ ರಬ್ಬರಿಗೆ ಎಣ್ಣೆ ಸವರಿ ಹೊಳಪು ಬರಿಸಿದ್ದರು. ಬೇರೆ ಕಡೆ ಆ ವರ್ಷದ್ದೇ ಜೊತೆಯೊಂದು ಹದಿಮೂರು ಸಾವಿರದ ಇನ್ನೂರಕ್ಕೆ ದೊರೆಯಿತು. ಗೊರಸುಗಳ ನಡುವೆ ಅಂತರ ಹೆಚ್ಚಿರುವಂಥದನ್ನೇ ಆರಿಸಿದೆನು. ಅಂತರ ಕಿರಿದಾದರೆ ನಮ್ಮ ಎರೆಮಣ್ಣು ತುಂಬಿಕೊಂಡು ಗಾಲಿ ಹೋಳಿಗೆಯ ಲಟ್ಟಣಿಗೆಯಂತೆ ನುಣ್ಣಗಾಗುವುದು. ಡಾಂಬರಿನ ಮೇಲೆ ಇವು ಜೇನುಹುಟ್ಟಿನಂತೆ ಗುಂಯ್ಗುಡುತ್ತವೆ. ತೊಯ್ದ ಹೆದ್ದಾರಿಯಲ್ಲಿ ಬ್ರೇಕು ಹಿಡಿಯುವುದೂ ತುಸು ತಡ. ಅದನ್ನು ಸಹಿಸಿ ನಿಧಾನವಾಗಿ ಹೋಗಬೇಕು.

ಉಳಿದ ಹಣದಲ್ಲಿ ಹದಿನೈದು ನೂರಕ್ಕೆ ಗಾಳಿಯ ಅಳತೆ ತೋರಿಸುವ ಕಾಲಪಂಪು, ಒಂದು ದಪ್ಪ ಹಗ್ಗ. ಪಂಪಿನ ಉಪಯೋಗ ಗಾಳಿ ತುಂಬುವುದಕ್ಕಿಂತ ಗಾಳಿ ಬಿಡುವ ಧೈರ್ಯಕ್ಕಾಗಿ. ಮೂವತ್ತು ಪೌಂಡಿನ ಗಾಳಿಯನ್ನು ಹದಿನೆಂಟಕ್ಕೆ ಇಳಿಸಿದರೆ ಟೈರು ನೆಲಕ್ಕೆ ಉದ್ದವಾಗಿ ಹಾಸಿ ಹಿಡಿಯುತ್ತದೆ. ಇದಕ್ಕೆ ಯಾರಿಗೂ ಒಂದು ಕಾಸು ಕೊಡಬೇಕಾದುದಿಲ್ಲ. ರಸ್ತೆಗೆ ಬಂದೊಡನೆ ಮತ್ತೆ ತುಂಬಿಕೊಂಡರಾಯಿತು.

ಇಷ್ಟಾದರೂ ಆ ದಿಬ್ಬ ಹಾಗೆಯೇ ಇದ್ದಿತಷ್ಟೆ. ಅದಕ್ಕೆ ಉಪಾಯ ಕಾಕಾ ಅವರದೇ. ಎರಡು ಸಾವಿರದ ಎಂಟುನೂರಕ್ಕೆ ಎರಡು ಟ್ರ್ಯಾಲಿ ಮುರುಂ ತರಿಸಿ, ಆ ಎಪ್ಪತ್ತು ಮಾರಿನಲ್ಲಿ ನಡುವಿನ ದಿಬ್ಬವನ್ನು ಸಲಿಕೆಯಿಂದ ಕಡಿದು ಜಾಡುಗಳಿಗೆ ತುಂಬಿದೆವು. ನಾಲ್ಕು ಅಂಗುಲ ಮೇಲೆ ಹೋಗಬೇಕೆಂದಿದ್ದ ಜೀಪು ನಿಂತಲ್ಲಿಯೇ ನಿಂತಿತು. ದಾರಿಯೇ ಅದರ ಕಡೆಗೆ ಎದ್ದುಬಂದಿತು.

ಆ ಮಳೆಗಾಲದಲ್ಲಿ ಎರಡು ಸಲ ಸಿಕ್ಕಿಬಿದ್ದೆನೆಂಬುದನ್ನು ಮುಚ್ಚಿಡಲಾರೆ. ಮೂರು ದಿನ ಬಿಡದೆ ಸುರಿದ ಮೇಲೆ ಎರೆಯಲ್ಲಿ ಯಾವ ಗೊರಸೂ ನಡೆಯದು. ಒಮ್ಮೆ ಎತ್ತುಗಳು ಎಳೆದವು; ಇನ್ನೊಮ್ಮೆ ಬಿಸಿಲಿಗಾಗಿ ಕಾದೆನು. ಆದರೆ ಶ್ರಾವಣದ ಒಂದು ನಸುಕಿನಲ್ಲಿ ಅವ್ವನಿಗೆ ಮತ್ತೆ ಉಸಿರು ಭಾರವಾದಾಗ ಗಾಳಿ ಇಳಿಸಿ ಹೊರಟ ಜೀಪು ಎಲ್ಲಿಯೂ ನಿಲ್ಲದೆ ರಸ್ತೆ ಸೇರಿತು.

ಹೊರಡುವಾಗ ಮಾತ್ರ ಒಂದು ತೊಡಕಾಯಿತು. ಕಮಾನು ಏರಿಸಿದ ಒಂದೂವರೆ ಅಂಗುಲದಿಂದಲೇ ಜೀಪಿನ ಮೆಟ್ಟಿಲು ಅವಳ ಮೊಣಕಾಲಿಗೆ ಮೀರಿಹೋಗಿತ್ತು. ಎರಡು ಸಲ ಕಾಲೆತ್ತಿ ನೋಡಿ, ಬಾಗಿಲು ಹಿಡಿದು ನಿಂತು,

“ಇದೇನಪಾ, ಜೀಪ್ ಬೆಳದದ ಏನು?” ಎಂದಳು.

ನಾಲ್ಕು ಅಂಗುಲದ ಚಿತ್ರಗಳನ್ನು ನೋಡುತ್ತ ಕಳೆದ ಮೂರು ವರ್ಷಗಳಲ್ಲಿ ಒಂದು ದಿನವೂ ನನಗೆ ಇದು ಹೊಳೆದಿರಲಿಲ್ಲ. ಒಳಗಿನಿಂದ ಊಟದ ಮಣೆಯನ್ನು ತಂದು ಅವಳ ಕಾಲ ಕೆಳಗಿಟ್ಟೆನು. ಆ ಮಣೆ ಈಗ ಹಗ್ಗ, ಪಂಪುಗಳ ಜೊತೆಗೆ ಜೀಪಿನಲ್ಲಿಯೇ ಇರುತ್ತದೆ.