ಎದುರಾಳಿಗೂ ಒಂದು ಚಪ್ಪಾಳೆ

ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ನಮಗೆ ಮೊದಲು ಪರಿಚಯವಾದದ್ದು ದಿನಪತ್ರಿಕೆಯ ಕ್ರೀಡಾಪುಟದ ಒಂದು ಮೂಲೆಯಲ್ಲಿ, ಸಣ್ಣ ಅಕ್ಷರಗಳಲ್ಲಿ. 1995ರಲ್ಲಿ ಅನಿಲ್ ಕುಂಬ್ಳೆ ನಾರ್ತಾಂಪ್ಟನ್‌ಶೈರ್ ಪರ ಒಂದೇ ಋತುವಿನಲ್ಲಿ 105 ವಿಕೆಟ್ ಪಡೆದಾಗ ಹೈಸ್ಕೂಲು ಹುಡುಗರಾಗಿದ್ದ ನಾವು ಆ ಮೂಲೆಯನ್ನೇ ಮೊದಲು ಓದುತ್ತಿದ್ದೆವು. ಊರುಗಳ ಹೆಸರು ನಾಲಗೆಯ ಮೇಲೆ ಹೊರಳುತ್ತಿರಲಿಲ್ಲ. ಮುಂದೆ ಕುಂಬ್ಳೆ 2000ದಲ್ಲಿ, ಜಾವಗಲ್ ಶ್ರೀನಾಥ್ 2002ರಲ್ಲಿ ಲೆಸ್ಟರ್‌ಶೈರ್‌ಗೆ ಆಡಿದರು. ಆ ಲೆಸ್ಟರ್ ನಗರದಲ್ಲೇ ನಮ್ಮ ಖಾಲಾನ ಮಗ ನೆಲೆಸಿದ್ದಾನೆ. ಅವನ ಮನೆಗೆ ಹೋದವರು ಒಂದು ಪಂದ್ಯ ನೋಡದೆ ಬರುವುದುಂಟೇ? ಅವನು, ಅವನ ಹನ್ನೆರಡು ವರ್ಷದ ಮಗ ಮತ್ತು ನಾವು ಹೀಗೆ ಗ್ರೇಸ್ ರೋಡ್ ಮೈದಾನಕ್ಕೆ ಹೊರಟೆವು.

ಕೌಂಟಿಯೆಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ. ಇಂತಹ ಹದಿನೆಂಟು ತಂಡಗಳಿವೆ. ಅಧಿಕೃತ ಚಾಂಪಿಯನ್‌ಶಿಪ್ 1890ರಿಂದ ನಡೆದುಬಂದಿದೆ. ಒಂದು ಪಂದ್ಯಕ್ಕೆ ನಾಲ್ಕು ದಿನ, ದಿನಕ್ಕೆ 96 ಓವರ್. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದರೆ ಸಂಜೆಯವರೆಗೆ ಊಟ, ಚಹಾದ ವಿರಾಮಗಳೊಂದಿಗೆ ಸಾವಧಾನವಾಗಿ ಸಾಗುತ್ತದೆ. ನಾಲ್ಕು ದಿನ ಬೆವರು ಸುರಿಸಿಯೂ ಯಾರೂ ಗೆಲ್ಲದೆ, ಯಾರೂ ಸೋಲದೆ ಎಲ್ಲರೂ ಮನೆಗೆ ಹೋಗಬಹುದು. ಮೂರು ಗಂಟೆಯಲ್ಲಿ ಮುಗಿಯುವ ಆಟಕ್ಕೆ ಒಗ್ಗಿದ ಹುಡುಗನಿಗೆ ಇದು ಅರ್ಥವಾಗಲಿಲ್ಲ. "ಸಬ್ರ್ ಕಲಿಯಲಿಕ್ಕೆ ಒಳ್ಳೆಯ ಮದರಸ" ಎಂದು ಅವನ ತಂದೆ ನಕ್ಕ.

ಅಂದು ಪಂದ್ಯದ ಎರಡನೇ ದಿನ. ಮೇ ತಿಂಗಳಾದರೂ ಸ್ವೆಟರಿಲ್ಲದೆ ಕೂರುವಂತಿರಲಿಲ್ಲ. ಮೈದಾನದ ಸುತ್ತ ಹೆಚ್ಚೆಂದರೆ ಕೆಲವು ನೂರು ಜನ, ಬಹುಪಾಲು ತಲೆ ನರೆತವರು. ಒಬ್ಬೊಬ್ಬರ ಪಕ್ಕದಲ್ಲೂ ಚಹಾದ ಫ್ಲಾಸ್ಕು, ಬ್ರೆಡ್ಡಿನ ಡಬ್ಬಿ. ಕೆಲವರು ಪೆನ್ಸಿಲಿನಲ್ಲಿ ಒಂದೊಂದು ಎಸೆತವನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ಒಬ್ಬರು ಪದಬಂಧ ತುಂಬುತ್ತಿದ್ದರು. ಇನ್ನೊಬ್ಬರು ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡು ಬೇರೆ ಊರಿನ ಪಂದ್ಯ ಕೇಳುತ್ತಿದ್ದರು. ನಾವು ಕೂತ ಬೆಂಚಿಗೆ ಸಣ್ಣದೊಂದು ಫಲಕವಿತ್ತು. ವರ್ಷಗಟ್ಟಲೆ ಅಲ್ಲಿ ಕೂತು ಆಟ ನೋಡಿ ತೀರಿಕೊಂಡ ಒಬ್ಬ ಪ್ರೇಕ್ಷಕನ ನೆನಪಿಗೆ ಮನೆಯವರು ಹಾಕಿಸಿದ್ದು. ಆಟಗಾರರಿಗೆ ಸ್ಮಾರಕ ಕಟ್ಟುವುದನ್ನು ನೋಡಿದ್ದೆವು. ನೋಡುಗನಿಗೂ ಒಂದು ಗುರುತು ಇರುವುದನ್ನು ಅಲ್ಲೇ ಕಂಡದ್ದು.

ಎದುರಾಳಿ ತಂಡದ ಬ್ಯಾಟ್ಸ್‌ಮನ್ ಐವತ್ತು ರನ್ ಮುಟ್ಟಿದಾಗ ಈ ಮುದುಕರೆಲ್ಲ ಕಾಗದ, ಪೆನ್ಸಿಲು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಕೂಗಿಲ್ಲ, ಸೀಟಿಯಿಲ್ಲ. ಮಳೆಯ ಮೊದಲ ಹನಿಗಳು ಹೆಂಚಿನ ಮೇಲೆ ಬಿದ್ದಂತಹ ಸದ್ದು. ಹುಡುಗ ಗಲಿಬಿಲಿಗೊಂಡು ಕೇಳಿದ: "ಚಾಚಾ, ನಾವು ಯಾರ ಕಡೆ?"

ಈ ಪ್ರಶ್ನೆ ನಮಗೆ ಹೊಸದಲ್ಲ. 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ಬ್ರಿಟಿಷ್ ರಾಜಕಾರಣಿ ಇದನ್ನೇ ಒಂದು ಪರೀಕ್ಷೆಯಾಗಿ ಮುಂದಿಟ್ಟರು. ಏಷ್ಯಾದಿಂದ ಬಂದವರು ಕ್ರಿಕೆಟಿನಲ್ಲಿ ಯಾರಿಗೆ ಜೈ ಅನ್ನುತ್ತಾರೆ ನೋಡಿ, ಅವರ ನಿಷ್ಠೆ ತಿಳಿಯುತ್ತದೆ ಎಂದರು. ಅಂತಹ ಪರೀಕ್ಷೆಯನ್ನು ನಾವು ಹೇಳದೆ ಕೇಳದೆ ಎಷ್ಟು ಸಲ ಬರೆದಿಲ್ಲ! ಉರ್ದು ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಬಂದ ಹುಡುಗರು ನಾವು. ಭಾರತ-ಪಾಕಿಸ್ತಾನ ಪಂದ್ಯದ ದಿನ ಅಂಗಡಿಯ ಟೀವಿಯ ಮುಂದೆ ನಿಂತಾಗ ಕೆಲವು ಕಣ್ಣುಗಳು ಪರದೆಗಿಂತ ಹೆಚ್ಚು ನಮ್ಮ ಕೈಗಳನ್ನು ನೋಡುತ್ತಿದ್ದವು. ಸಚಿನ್ ಬೌಂಡರಿ ಹೊಡೆದರೆ ಖುಷಿಗೆ ತಟ್ಟಿದ್ದು ಎಷ್ಟು, ನೋಡುವವರಿಗಾಗಿ ತಟ್ಟಿದ್ದು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ವಾಸಿಂ ಅಕ್ರಮ್ ಒಳ್ಳೆಯ ಚೆಂಡು ಹಾಕಿದರೆ ಕೈಗಳು ಜೇಬಿನಲ್ಲೇ ಉಳಿಯುತ್ತಿದ್ದವು. ಆದರೆ 1999ರ ಜನವರಿಯಲ್ಲಿ ಚೆನ್ನೈ ಟೆಸ್ಟ್ ಅನ್ನು ಭಾರತ 12 ರನ್‌ಗಳಿಂದ ಸೋತಾಗ, ಅಲ್ಲಿನ ಜನ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಆ ದಿನ ನಮ್ಮ ಎದೆಯೂ ಹಗುರಾಗಿತ್ತು.

ಒಂದು ಗಂಟೆಗೆ ಊಟದ ವಿರಾಮ. ಆಗ ಪ್ರೇಕ್ಷಕರು ಹಗ್ಗ ದಾಟಿ ಮೈದಾನಕ್ಕೇ ಇಳಿಯಬಹುದು. ಮಕ್ಕಳು ಚೆಂಡು ಹಿಡಿದು ಓಡಿದರು, ಹಿರಿಯರು ಪಿಚ್ಚಿನವರೆಗೆ ನಡೆದುಹೋಗಿ ವೈದ್ಯರ ಹಾಗೆ ಬಗ್ಗಿ ನೋಡಿ ಬಂದರು. ನಾವು ಸ್ಟ್ಯಾಂಡಿನ ಹಿಂದೆ ಹುಲ್ಲಿನ ಮೇಲೆ ಝುಹರ್ ನಮಾಝ್ ಮುಗಿಸಿದೆವು. ಪಕ್ಕದ ಬೆಂಚಿನ ಅಜ್ಜ ಅಷ್ಟು ಹೊತ್ತು ನಮ್ಮ ಚೀಲಗಳ ಮೇಲೆ ಕಣ್ಣಿಟ್ಟು ಕೂತಿದ್ದರು. ನಾವು ಮರಳಿದಾಗ, "ಮಳೆಗಾಗಿ ಕೇಳಿಕೊಂಡಿರೋ, ಬೇಡವೆಂದೋ? ನಮ್ಮ ತಂಡದ ಸ್ಥಿತಿ ನೋಡಿದರೆ ಬರುವುದೇ ಒಳ್ಳೆಯದು" ಎಂದರು. ಎಲ್ಲರೂ ನಕ್ಕೆವು.

ಇದೇ ಲೆಸ್ಟರ್ 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಹೊರಹಾಕಿದಾಗ, ನಮ್ಮೂರಿಗೆ ಬರಬೇಡಿ ಎಂದು ಅಲ್ಲಿನ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟ ನಗರ. ಆದರೂ ಜನ ಬಂದರು, ಅಂಗಡಿ ತೆರೆದರು, ಊರನ್ನು ಬೆಳೆಸಿದರು. 2021ರ ಜನಗಣತಿಯ ಪ್ರಕಾರ ಇಲ್ಲಿ ಮುಸ್ಲಿಮರು ಶೇ. 23.5, ಹಿಂದೂಗಳು ಸುಮಾರು ಶೇ. 18. ದಶಕಗಳ ಕಾಲ ಅಕ್ಕಪಕ್ಕ ಬಾಳಿದವರ ನಡುವೆ 2022ರಲ್ಲಿ ಬಿರುಕು ಬಿತ್ತು. ಆಗಸ್ಟ್ 28ರಂದು ದುಬೈಯಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದ ರಾತ್ರಿ ಬೀದಿಯಲ್ಲಿ ಗಲಾಟೆಯಾಯಿತು. ಸೆಪ್ಟೆಂಬರಿನಲ್ಲಿ ಎರಡೂ ಕಡೆಯ ಯುವಕರು ಗುಂಪುಗಟ್ಟಿ ಎದುರುಬದುರಾದರು. ಮೊಬೈಲಿನ ಸುಳ್ಳು ಸುದ್ದಿಗಳು ಬೆಂಕಿಗೆ ಗಾಳಿ ಊದಿದವು. ಪಂದ್ಯವೊಂದೇ ಇದಕ್ಕೆ ಕಾರಣವಲ್ಲ, ಒಳಗೆ ಬೇರೆ ಅಸಮಾಧಾನಗಳೂ ಇದ್ದವು. "ಗುಜರಾತಿ ನೆರೆಯವರು ಮತ್ತು ನಾವು ಮೂರು ವಾರ ಸರಿಯಾಗಿ ಮಾತಾಡಲಿಲ್ಲ ಭಾಯಿ. ಜಗಳವೇನೂ ಇರಲಿಲ್ಲ, ಮುಖ ನೋಡಲು ಸಂಕೋಚ ಅಷ್ಟೇ" ಎಂದ ತಮ್ಮ.

ಆ ಬೀದಿಗಳಿಂದ ಈ ಮೈದಾನ ಬಹಳ ದೂರವೇನಿಲ್ಲ. ಆದರೂ ಅಂದು ನಮ್ಮ ಚರ್ಮದ ಬಣ್ಣದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಇಂಗ್ಲೆಂಡಿನಲ್ಲಿ ಹವ್ಯಾಸಕ್ಕೆ ಕ್ರಿಕೆಟ್ ಆಡುವವರಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ದಕ್ಷಿಣ ಏಷ್ಯಾ ಮೂಲದವರು. ಭಾನುವಾರ ಪಾರ್ಕುಗಳೆಲ್ಲ ಅವರಿಂದಲೇ ತುಂಬಿರುತ್ತವೆ. ಕೌಂಟಿ ತಂಡಗಳಲ್ಲಿ ಮಾತ್ರ ಅವರ ಸಂಖ್ಯೆ ಬಹಳ ಕಡಿಮೆ. ಯಾರ್ಕ್‌ಶೈರ್‌ನ ಅಝೀಮ್ ರಫೀಕ್ 2021ರ ನವೆಂಬರಿನಲ್ಲಿ ಸಂಸತ್ ಸಮಿತಿಯ ಮುಂದೆ ಕೂತು, ತಾನು ಅನುಭವಿಸಿದ ಜನಾಂಗೀಯ ನಿಂದನೆಯನ್ನು ಹೇಳಿ ಕಣ್ಣೀರಿಟ್ಟರು. ಅದೇ ವಾರ ಅವರು ಹಿಂದೆ ಯಹೂದಿಗಳ ಬಗ್ಗೆ ಬರೆದ ಕೆಟ್ಟ ಮಾತು ಬೆಳಕಿಗೆ ಬಂದಾಗ ಕ್ಷಮೆಯನ್ನೂ ಕೇಳಿದರು. 2023ರಲ್ಲಿ ಸ್ವತಂತ್ರ ಆಯೋಗವೊಂದು ಇಂಗ್ಲಿಷ್ ಕ್ರಿಕೆಟಿನಲ್ಲಿ ತಾರತಮ್ಯ ವ್ಯಾಪಕವಾಗಿದೆ ಎಂದೇ ಬರೆಯಿತು. ಬೆಂಚಿನ ಚಪ್ಪಾಳೆ ಎಷ್ಟು ಸಭ್ಯವಾಗಿದ್ದರೂ ಡ್ರೆಸ್ಸಿಂಗ್ ರೂಮಿನ ಬಾಗಿಲನ್ನು ಅದೊಂದೇ ತೆರೆಯಲಾರದು.

ಆದರೂ ಬಾಗಿಲು ಅಲ್ಲಲ್ಲಿ ತೆರೆಯುತ್ತಿದೆ. ಗಲಭೆಯಾದ ಅದೇ 2022ರ ಡಿಸೆಂಬರಿನಲ್ಲಿ ಲೆಸ್ಟರ್‌ಶೈರ್‌ನ ರೆಹಾನ್ ಅಹ್ಮದ್, ಪಾಕಿಸ್ತಾನದಿಂದ ವಲಸೆ ಬಂದ ತಂದೆಯ ಮಗ, ಹದಿನೆಂಟರ ಹರೆಯದಲ್ಲಿ ಕರಾಚಿಯಲ್ಲಿ ಇಂಗ್ಲೆಂಡಿಗಾಗಿ ಮೊದಲ ಟೆಸ್ಟ್ ಆಡಿ ಎರಡನೇ ಇನ್ನಿಂಗ್ಸಿನಲ್ಲಿ ಐದು ವಿಕೆಟ್ ಪಡೆದ. ಎದುರಿಗಿದ್ದದ್ದು ಪಾಕಿಸ್ತಾನ. ಟೆಬಿಟ್ ಸಾಹೇಬರ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉತ್ತರಪತ್ರಿಕೆ ಯಾವುದು?

ಚಹಾದ ನಂತರ ಸಣ್ಣ ಮಳೆ ಬಂದು ನಿಂತಿತು. ಅಜ್ಜ ತಮ್ಮ ಪೆನ್ಸಿಲನ್ನು ಹುಡುಗನ ಕೈಗಿತ್ತು ಗುರುತು ಹಾಕುವುದನ್ನು ಕಲಿಸತೊಡಗಿದರು. ರನ್ ಇಲ್ಲದ ಎಸೆತಕ್ಕೆ ಚುಕ್ಕೆ, ವಿಕೆಟ್ಟಿಗೆ ಅಡ್ಡಗೆರೆ, ಎರಡೂ ತಂಡಗಳಿಗೆ ಅವೇ ಗುರುತುಗಳು. ಎದುರಾಳಿ ಬ್ಯಾಟ್ಸ್‌ಮನ್ ನೂರು ಮುಟ್ಟಿದಾಗ ಹುಡುಗ ಒಮ್ಮೆ ತಂದೆಯ ಮುಖ ನೋಡಿದ. ತಂದೆ ಚಪ್ಪಾಳೆ ತಟ್ಟುತ್ತಿದ್ದ. ನಾವೂ ತಟ್ಟಿದೆವು. ನಮ್ಮ ಕೈಗಳನ್ನು ಯಾರೂ ನೋಡುತ್ತಿರಲಿಲ್ಲ.

ಮನೆ ತಲುಪಿದಾಗ ತಮ್ಮನ ಹೆಂಡತಿ ಗೆದ್ದವರಾರು ಎಂದು ಕೇಳಿದಳು. "ಇನ್ನೂ ಎರಡು ದಿನ ಇದೆ ಅಮ್ಮೀ" ಎಂದ ಹುಡುಗ.