ಬೀಟ್‌ರೂಟ್ ರಸದಿಂದ ಏರದ ರಕ್ತ



ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಮಾತಾಡುವ ಕುಟುಂಬಗಳು ನಮ್ಮವು. ಮಗು ಬಿಳುಚಿಕೊಂಡರೆ ನಮ್ಮ ಅಜ್ಜಿಯಂದಿರದು ಒಂದೇ ಮಾತು: "ರಕ್ತ ಕಡಿಮೆ, ದಾಳಿಂಬೆ, ಬೀಟ್‌ರೂಟ್, ನುಗ್ಗೆಸೊಪ್ಪು ಕೊಡಿ." ಆದರೆ ನಮ್ಮ ಬಳಗದ ಗೆಳೆಯನೊಬ್ಬನ ಒಂಬತ್ತು ವರ್ಷದ ತಂಗಿಗೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ. ಸರದಿಯಂತೆ ಅವಳ ಜೊತೆ ಮದುರೈಗೆ ಬಸ್ಸಿನಲ್ಲಿ ಹೋಗಿಬರುತ್ತಾ ನಾವು ಕಲಿತದ್ದು ಬೇರೆ.

ಮೂತ್ರಪಿಂಡ ಬರೀ ಸೋಸುವ ಜರಡಿಯಲ್ಲ. ಕೆಂಪು ರಕ್ತಕಣ ತಯಾರಿಸು ಎಂದು ಮೂಳೆಮಜ್ಜೆಗೆ ಹೇಳುವ ಎರಿತ್ರೋಪೊಯೆಟಿನ್ ಹಾರ್ಮೋನು ಹೆಚ್ಚಾಗಿ ಬರುವುದೂ ಅಲ್ಲಿಂದಲೇ. ಅದು ಸೋತರೆ ಆ ಕರೆ ಕ್ಷೀಣಿಸುತ್ತದೆ. 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಹಾರ್ಮೋನಿನ ಚುಚ್ಚುಮದ್ದು ಈಗ ನಮ್ಮಲ್ಲೂ ಸಿಗುತ್ತದೆ.

ಚುಚ್ಚುಮದ್ದು ಕೊಟ್ಟರೂ ಅವಳ ಹಿಮೊಗ್ಲೋಬಿನ್ 8 ದಾಟಲಿಲ್ಲ. ಡೋಸ್ ಏರಿಸುವ ಮೊದಲು ಕಾರಣ ಹುಡುಕಬೇಕು ಎಂದರು ವೈದ್ಯರು. ಕಬ್ಬಿಣದ ಕೊರತೆ, ಸೋಂಕು, ಬಿ12 ಅಥವಾ ಫೋಲೇಟ್ ಕೊರತೆ, ಪ್ಯಾರಾಥೈರಾಯ್ಡ್ ಹಾರ್ಮೋನಿನ ಏರಿಕೆ, ತಪ್ಪಿದ ಡೋಸ್, ಯಾವುದೂ ಇರಬಹುದು. ಸೋಂಕಿದ್ದಾಗ ಹೆಪ್ಸಿಡಿನ್ ಹೆಚ್ಚುತ್ತದೆ. ಆಗ ದೇಹದಲ್ಲಿ ಕಬ್ಬಿಣವಿದ್ದರೂ ಉಗ್ರಾಣಕ್ಕೆ ಬೀಗ ಬಿದ್ದಂತೆ. ಅವಳಲ್ಲಿ ಕಂಡದ್ದು ಮೂತ್ರದ ಸೋಂಕು ಮತ್ತು ಕಬ್ಬಿಣದ ಕೊರತೆ. ಸೋಂಕು ವಾಸಿಯಾದ ಮೇಲೆ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟರು. ಮೂರು ತಿಂಗಳಲ್ಲಿ 10 ದಾಟಿತು.

ರಕ್ತ ಕೊಡಲು ನಮ್ಮಲ್ಲಿ ಹಲವರು ಸಿದ್ಧರಿದ್ದರು. ತೀರಾ ಅಗತ್ಯವಿಲ್ಲದೆ ಬೇಡ ಎಂದರು. ಬೇರೆಯವರ ರಕ್ತ ಪಡೆದರೆ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ, ಮುಂದೆ ಮೂತ್ರಪಿಂಡ ಕಸಿಗೆ ಹೊಂದುವ ದಾನಿ ಸಿಗುವುದು ಕಷ್ಟವಾಗಬಹುದು. ಪ್ರೀತಿಯಿಂದ ಕೊಡುವುದನ್ನೂ ಕೆಲವೊಮ್ಮೆ ತಡೆಹಿಡಿಯಬೇಕು ಎಂಬುದು ನಮಗೆ ಹೊಸ ಪಾಠ.

ಹಣ್ಣಿನ ಮಾತೂ ಹಾಗೆಯೇ. ದಿಂಡಿಗಲ್ಲಿನ ಸಿರುಮಲೈ ಬಾಳೆ, ದಾಳಿಂಬೆ ರಸ, ಬೀಟ್‌ರೂಟ್, ಸೊಪ್ಪು ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ. ಸೋತ ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಇಂಥ ಮಗುವಿನ ಮನೆಗೆ ಹಣ್ಣಿನ ಬುಟ್ಟಿ ಒಯ್ಯುವ ಮುನ್ನ ತಾಯಿಯನ್ನು ಕೇಳಿ.

ನಮ್ಮಿಂದ ಆಗುವ ಕೆಲಸಗಳೂ ಇವೆ. ಈ ಮದ್ದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಿಡಬಾರದು. ಬಿಸಿಲಿನ ಬಸ್ಸಿನಲ್ಲಿ ತಂಪಿನ ಡಬ್ಬಿ ಹಿಡಿದು ಕೂರಲು ಒಬ್ಬರು ಬೇಕು. ಡೋಸಿನ ದಿನ ನೆನಪಿಸಲು ಒಬ್ಬರು, ತಂದೆ ತೋಟದ ಕೂಲಿ ಬಿಡಲಾಗದ ದಿನ ಜೊತೆಗೆ ಹೋಗಲು ಇನ್ನೊಬ್ಬರು. ಅವಳಿಗಾಗಿ ಪ್ರಾರ್ಥಿಸಿ, ಮುಂದಿನ ತಿಂಗಳ ಸರದಿ ಪಟ್ಟಿಯಲ್ಲಿ ಎರಡು ದಿನ ಇನ್ನೂ ಖಾಲಿ ಇವೆ.