ಮೋರೆಯಿಂದ ಮೇ ಸೋಟ್‌ಗೆ ಒಂದೇ ದಾರಿ

ಇಂಫಾಲದಿಂದ ಸುಮಾರು 110 ಕಿ.ಮೀ. ಬೆಟ್ಟದ ಹಾದಿ ಸವೆಸಿದರೆ ಸಿಗುವುದು ಮಣಿಪುರದ ಗಡಿಯೂರು ಮೋರೆ. 1960ರ ದಶಕದಲ್ಲಿ ಬರ್ಮಾ ತೊರೆದು ಬಂದ ತಮಿಳು ಕುಟುಂಬಗಳು ಇಲ್ಲಿ ಗುಡಿ ಕಟ್ಟಿ, ಅಂಗಡಿ ತೆರೆದು ನೆಲೆಯೂರಿದವು. ದಕ್ಷಿಣದಿಂದ ಹೋದವರಿಗೆ ಅಲ್ಲಿಯೂ ಇಡ್ಲಿ-ದೋಸೆ ಕಂಡು ಅಚ್ಚರಿ!

ಗಡಿ ದಾಟಿದರೆ ಮ್ಯಾನ್ಮಾರ್‌ನ ತಮು ಪಟ್ಟಣ. ಅಲ್ಲಿಂದ ಕಲೇವಾ, ಮಾಂಡಲೆ ಮಾರ್ಗವಾಗಿ ಥಾಯ್ಲೆಂಡಿನ ಮೇ ಸೋಟ್‌ವರೆಗೆ ಹೆದ್ದಾರಿ ಬೆಸೆಯುವ ಯೋಜನೆಗೆ 2002ರಲ್ಲಿ ಮೂರೂ ದೇಶಗಳು ಕೈಜೋಡಿಸಿದವು. ಒಟ್ಟು ಉದ್ದ ಸುಮಾರು 1360 ಕಿ.ಮೀ. ಲೋಕಮಾನ್ಯ ತಿಲಕರು 1908ರಿಂದ 1914ರವರೆಗೆ ಸೆರೆವಾಸ ಅನುಭವಿಸಿದ ಮಾಂಡಲೆ ಇದೇ.

ತಮುವಿನಿಂದ ಕಲೇವಾ, ಕಲೇಮ್ಯೊ ಕಡೆಗಿನ 160 ಕಿ.ಮೀ. ರಸ್ತೆಯನ್ನು ಭಾರತದ ಗಡಿ ರಸ್ತೆಗಳ ಸಂಸ್ಥೆ ಸುಧಾರಿಸಿ 2001ರಲ್ಲಿ ಸಂಚಾರಕ್ಕೆ ತೆರೆಯಿತು. ಆದರೆ ಈ ಮಾರ್ಗದ 69 ಸೇತುವೆಗಳು ಎರಡನೇ ಮಹಾಯುದ್ಧದ ಕಾಲದವು. ರಸ್ತೆ ಅಗಲವಾದರೇನು, ಭಾರದ ಲಾರಿಗಳನ್ನು ಸೇತುವೆ ತಾಳಬೇಡವೇ? ಇನ್ನೊಂದು ತೊಡಕೂ ಉಂಟು. ಭಾರತ, ಥಾಯ್ಲೆಂಡ್‌ಗಳಲ್ಲಿ ವಾಹನಗಳು ಎಡಕ್ಕೆ ಚಲಿಸಿದರೆ, ಮ್ಯಾನ್ಮಾರ್‌ನಲ್ಲಿ 1970ರಿಂದ ಬಲಕ್ಕೆ! ಚಾಲಕ ಎರಡು ಬಾರಿ ಬದಿ ಬದಲಿಸಬೇಕು.

2021ರಲ್ಲಿ ಮ್ಯಾನ್ಮಾರ್‌ನ ಸೇನೆ ಅಧಿಕಾರ ಕಸಿದುಕೊಂಡಿತು. ಅಂತರ್ಯುದ್ಧ ಹಬ್ಬಿ ಕಾಮಗಾರಿ ಕುಂಟಿತು. 2023ರ ಮೇ ತಿಂಗಳಲ್ಲಿ ಮಣಿಪುರವೂ ಹೊತ್ತಿಕೊಂಡಿತು. ಮೋರೆಯಲ್ಲಿ ಮನೆಗಳು ಸುಟ್ಟವು, ನೆರೆಹೊರೆಯವರು ಊರು ಬಿಟ್ಟರು, ವ್ಯಾಪಾರ ಸೊರಗಿತು.

ವಿದ್ಯಾರ್ಥಿಗಳು ಭೂಪಟ ಬಿಡಿಸಿ ಈ ದಾರಿಯ ಮೇಲೊಮ್ಮೆ ಬೆರಳಾಡಿಸಲಿ. ಬೆರಳು ನಿಮಿಷದಲ್ಲಿ ಮೇ ಸೋಟ್ ಮುಟ್ಟುತ್ತದೆ. ಲಾರಿ ಮುಟ್ಟಬೇಕಾದರೆ ಡಾಂಬರು, ಸೇತುವೆಗಳ ಜೊತೆಗೆ ದಾರಿಯುದ್ದಕ್ಕೂ ಶಾಂತಿಯೂ ಬೇಕು.